ಮಾರುಕಟ್ಟೆಯಿಂದ ಶಾಸನಸಭೆಗೆ: ಮಾರ್ಗರೇಟ್ ಎಕ್ಪೊ ಮತ್ತು ಪೂರ್ವ ನೈಜೀರಿಯಾದ ಮಹಿಳಾ ಸಂಘಟನೆಯ ನೆಲೆಗಳು

1. ಪ್ರವೇಶ

ನೈಜೀರಿಯಾದ ಸಮಾಜವು ಕನ್ನಡದ ಅಧ್ಯಯನ ವಲಯಕ್ಕೆ ಪರಿಚಯವಾದದ್ದು ಮುಖ್ಯವಾಗಿ ಅಲ್ಲಿನ ಸಾಹಿತ್ಯದ ಮೂಲಕ. ಚಿನುವಾ ಅಚಿಬೆ, ವೊಲೆ ಸೊಯಿಂಕಾ ಅವರ ಹೆಸರುಗಳು ವಸಾಹತುಶಾಹಿಯನ್ನು ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಬಂದುಹೋಗುತ್ತವೆ. ಆದರೆ ಈ ಓದಿನಲ್ಲಿ ಒಂದು ಕೊರತೆ ಉಳಿದಿದೆ. ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯ ಲೋಕವು ಒಕೊಂಕ್ವೊ ಎಂಬ ಪುರುಷನ ಸುತ್ತ ಕಟ್ಟಲ್ಪಟ್ಟಿದೆ. ಅಲ್ಲಿ ಸಂತೆಯಿದೆ, ಆದರೆ ಸಂತೆಯನ್ನು ನಡೆಸುವ ಹೆಂಗಸರು ಹಿನ್ನೆಲೆಯಲ್ಲಿದ್ದಾರೆ. ಸೊಯಿಂಕಾ ತಮ್ಮ ಬಾಲ್ಯಕಥನವಾದ 'ಅಕೇ' (1981) ಕೃತಿಯ ಕೊನೆಯ ಭಾಗದಲ್ಲಿ ಅಬೆಯೊಕುಟಾದ ಹೆಂಗಸರ ತೆರಿಗೆ ವಿರೋಧಿ ಹೋರಾಟವನ್ನು ಬಾಲಕನೊಬ್ಬನ ಕಣ್ಣಿನಿಂದ ಚಿತ್ರಿಸಿದ್ದಾರೆ. ಫ್ಲೋರಾ ನ್ವಾಪಾ ಅವರ 'ಎಫುರು' (1966) ಕಾದಂಬರಿಯಲ್ಲಿ ಮಾತ್ರ ವ್ಯಾಪಾರ ಮಾಡುವ ಇಗ್ಬೊ ಹೆಣ್ಣು ಕಥನದ ಕೇಂದ್ರಕ್ಕೆ ಬರುತ್ತಾಳೆ. ಈ ಕೃತಿಗಳ ಹಿಂದಿರುವ ಚರಿತ್ರೆಯಲ್ಲಿ ಅಂಥ ಹೆಣ್ಣುಗಳು ಯಾವ ಸ್ಥಾನದಲ್ಲಿದ್ದರು ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಮಾರ್ಗರೇಟ್ ಎಕ್ಪೊ (1914–2006) ಅವರ ಬದುಕಿನ ಮೂಲಕ ನೋಡುವ ಪ್ರಯತ್ನ. ಎಕ್ಪೊ ಅವರನ್ನು ಸಾಮಾನ್ಯವಾಗಿ ಸಂಘಟಕಿ, ಉದ್ಯಮಿ, ರಾಜಕಾರಣಿ ಎಂಬ ಮೂರು ವಿಶೇಷಣಗಳಿಂದ ಗುರುತಿಸಲಾಗುತ್ತದೆ. ಈ ವಿಂಗಡಣೆ ಅನುಕೂಲಕರವಾದರೂ ಅವರ ಸಾಧನೆಯ ಸ್ವರೂಪವನ್ನು ಮರೆಮಾಡುತ್ತದೆ. ಅವರು ಒಂದು ಕ್ಷೇತ್ರವನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸಿದವರಲ್ಲ. ಅವರು ಕೆಲಸ ಮಾಡಿದ ಆಬಾ ಪಟ್ಟಣದ ಹೆಂಗಸರ ಪಾಲಿಗೆ ಕೊಡುಕೊಳ್ಳುವಿಕೆ, ಸಂಘ ಮತ್ತು ಅಧಿಕಾರದ ಪ್ರಶ್ನೆಗಳು ಒಂದೇ ಸ್ಥಳದಲ್ಲಿ ಎದುರಾಗುತ್ತಿದ್ದವು. ಆ ಸ್ಥಳ ಮಾರುಕಟ್ಟೆ. ಎಕ್ಪೊ ಅವರ ಶಕ್ತಿಯೂ ಮಿತಿಯೂ ಈ ಒಂದೇ ನೆಲೆಯಿಂದ ಹುಟ್ಟಿದವು ಎಂಬುದು ಈ ಲೇಖನದ ವಾದ.

2. ಮಾರುಕಟ್ಟೆ ಮತ್ತು 1929ರ ಹೋರಾಟ

ನೈಜೀರಿಯಾದ ಆಗ್ನೇಯ ಭಾಗದಲ್ಲಿ ಇಗ್ಬೊ, ಇಬಿಬಿಯೊ ಮತ್ತು ಎಫಿಕ್ ಸಮುದಾಯಗಳು ನೆಲೆಸಿವೆ. ವಸಾಹತು ಕಾಲದಲ್ಲಿ ತಾಳೆ ಎಣ್ಣೆಯ ವ್ಯಾಪಾರ ಈ ಪ್ರದೇಶದ ಆರ್ಥಿಕ ಬದುಕಿನ ಬೆನ್ನೆಲುಬಾಗಿತ್ತು. ತಾಳೆಯ ಗೊನೆಯನ್ನು ಗಂಡಸರು ಕಡಿದರೂ ಎಣ್ಣೆ ತೆಗೆಯುವ, ಬೀಜ ಒಡೆಯುವ, ಸ್ಥಳೀಯ ಸಂತೆಯಲ್ಲಿ ಮಾರುವ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ಸಂತೆಯ ದಿನ, ಅಲ್ಲಿನ ಶಿಸ್ತು, ವ್ಯಾಜ್ಯಗಳ ತೀರ್ಮಾನ ಇವುಗಳ ಮೇಲೆ ಹೆಂಗಸರ ಕೂಟಗಳಿಗೆ ಹಿಡಿತವಿತ್ತು. ಕೆಲವು ಇಗ್ಬೊ ಪಟ್ಟಣಗಳಲ್ಲಿ 'ಓಮು' ಎಂಬ ಪದವಿಯ ಮಹಿಳೆ ತನ್ನದೇ ಸಲಹಾ ಮಂಡಲಿಯೊಂದಿಗೆ ಮಾರುಕಟ್ಟೆಯ ಆಡಳಿತ ನಡೆಸುತ್ತಿದ್ದಳು. ಸಮಾಜಶಾಸ್ತ್ರಜ್ಞೆ ಕಾಮೆನೆ ಒಕೊಂಜೊ ಇದನ್ನು ಗಂಡು ಹೆಣ್ಣುಗಳ ಸಮಾನಾಂತರ ರಾಜಕೀಯ ವ್ಯವಸ್ಥೆ ಎಂಬ ಪರಿಕಲ್ಪನೆಯಲ್ಲಿ ವಿವರಿಸಿದ್ದಾರೆ. ಈ ವ್ಯವಸ್ಥೆಯಲ್ಲಿ ಪೂರ್ಣ ಸಮಾನತೆ ಇತ್ತೆಂದು ಹೇಳಲಾಗದು. ಆದರೆ ಹೆಂಗಸರ ಮಾತಿಗೆ ಒಂದು ಸಾಂಸ್ಥಿಕ ಸ್ಥಾನವಿತ್ತು.

ಬ್ರಿಟಿಷ್ ಆಡಳಿತವು ಈ ಸ್ಥಾನವನ್ನು ಗುರುತಿಸಲಿಲ್ಲ. ಪರೋಕ್ಷ ಆಳ್ವಿಕೆಯ ನೀತಿಯಂತೆ ಅದು ಹಳ್ಳಿಹಳ್ಳಿಗಳಲ್ಲಿ 'ವಾರಂಟ್ ಮುಖ್ಯಸ್ಥ'ರನ್ನು ನೇಮಿಸಿತು. ಹೀಗೆ ನೇಮಕಗೊಂಡವರಲ್ಲಿ ಬಹುತೇಕ ಎಲ್ಲರೂ ಗಂಡಸರು. ಅವರ ಅಧಿಕಾರಕ್ಕೆ ಸಮುದಾಯದ ಒಪ್ಪಿಗೆಗಿಂತ ಸರ್ಕಾರದ ಕಾಗದವೇ ಆಧಾರ. ಪೂರ್ವ ಪ್ರಾಂತ್ಯಗಳಲ್ಲಿ ಗಂಡಸರ ಮೇಲೆ 1928ರಲ್ಲಿ ನೇರ ತೆರಿಗೆ ಜಾರಿಗೆ ಬಂತು. ಮರುವರ್ಷ ತಾಳೆ ಎಣ್ಣೆಯ ಬೆಲೆ ಕುಸಿಯುತ್ತಿದ್ದ ಹೊತ್ತಿನಲ್ಲಿ ಓಲೊಕೊ ಎಂಬಲ್ಲಿ ಮುಖ್ಯಸ್ಥ ಒಕುಗೊನ ಪರವಾಗಿ ಎಣಿಕೆಗೆ ಬಂದವನು ನ್ವಾನ್ಯೆರುವಾ ಎಂಬ ಹೆಂಗಸಿನ ಆಸ್ತಿಯನ್ನು ಲೆಕ್ಕ ಹಾಕಲು ಹೊರಟ. ಹೆಂಗಸರ ಮೇಲೂ ತೆರಿಗೆ ಬೀಳಲಿದೆ ಎಂಬ ಸುದ್ದಿ ಸಂತೆಯ ಜಾಲದ ಮೂಲಕವೇ ಹರಡಿತು. ಸಾವಿರಾರು ಹೆಂಗಸರು ಮುಖ್ಯಸ್ಥರ ಮನೆಗಳ ಮುಂದೆ ಕುಳಿತರು. ನ್ಯಾಯಾಲಯಗಳ ಮೇಲೆ, ಆಬಾದಲ್ಲಿ ಯುರೋಪಿಯನ್ನರ ಅಂಗಡಿಗಳ ಮೇಲೆ ದಾಳಿ ನಡೆಯಿತು. ಸೈನಿಕರು ಮತ್ತು ಪೊಲೀಸರು ಹಾರಿಸಿದ ಗುಂಡಿಗೆ 50ಕ್ಕೂ ಹೆಚ್ಚು ಹೆಂಗಸರು ಬಲಿಯಾದರು.

ಈ ಘಟನೆಯ ಹೆಸರೇ ಒಂದು ವಿವಾದ. ಆಡಳಿತದ ದಾಖಲೆಗಳು ಇದನ್ನು 'ಆಬಾ ದೊಂಬಿ' ಎಂದು ಕರೆದವು. ಇಗ್ಬೊ ಭಾಷೆಯಲ್ಲಿ ಇದು 'ಓಗು ಉಮುನ್ವಾನ್ಯಿ', ಇಬಿಬಿಯೊದಲ್ಲಿ 'ಎಕಾಂಗ್ ಇಬಾನ್'. ಎರಡಕ್ಕೂ 'ಹೆಂಗಸರ ಯುದ್ಧ' ಎಂದೇ ಅರ್ಥ. ದೊಂಬಿ ಎಂಬ ಪದವು ಯೋಜನೆಯಿಲ್ಲದ ಉದ್ರೇಕವನ್ನು ಸೂಚಿಸಿದರೆ ಯುದ್ಧ ಎಂಬ ಪದವು ಕಾರಣ, ಸಂಘಟನೆ ಮತ್ತು ಗುರಿಗಳನ್ನು ಒಪ್ಪಿಕೊಳ್ಳುತ್ತದೆ. ಎಕ್ಪೊ ಮುಂದೆ ಸಂಘ ಕಟ್ಟಿದ್ದು ಇದೇ ಆಬಾದಲ್ಲಿ. ಅವರಿಗೆ ದೊರೆತದ್ದು ಖಾಲಿ ನೆಲವಲ್ಲ. ಗುಂಡಿನ ನೆನಪೂ ಗೆಲುವಿನ ನೆನಪೂ ಉಳಿದಿದ್ದ ನೆಲ.

3. ಗಂಡನ ಬದಲಿಗೆ ಸಭೆಗೆ ಹೋದ ಹೆಂಡತಿ

ಎಕ್ಪೊ ಹುಟ್ಟಿದ್ದು ಕಲಾಬಾರಿನ ಬಳಿಯ ಕ್ರೀಕ್ ಟೌನ್‌ನಲ್ಲಿ, 1914ರಲ್ಲಿ. ಇದು ಎಫಿಕ್ ವರ್ತಕರ ಹಳೆಯ ಪಟ್ಟಣ. ತಾಯಿ ಎಫಿಕ್ ರಾಜಮನೆತನದ ಸಂಬಂಧಿ, ತಂದೆ ಇಗ್ಬೊ. 1934ರಲ್ಲಿ ತಂದೆ ತೀರಿಕೊಂಡಿದ್ದರಿಂದ ಶಿಕ್ಷಕಿಯರ ತರಬೇತಿ ಪಡೆಯುವ ಅವರ ಆಸೆ ಕೈಗೂಡಲಿಲ್ಲ. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳತೊಡಗಿದರು. 1938ರಲ್ಲಿ ಇಬಿಬಿಯೊ ಸಮುದಾಯದ ವೈದ್ಯ ಜಾನ್ ಉಡೊ ಎಕ್ಪೊ ಅವರನ್ನು ಮದುವೆಯಾಗಿ ಆಬಾಕ್ಕೆ ಬಂದರು. ಮೂರು ಸಮುದಾಯಗಳು ಒಂದೇ ಬದುಕಿನಲ್ಲಿ ಕೂಡಿದ್ದವು ಎಂಬ ಸಂಗತಿ ಮುಂದೆ ಮಹತ್ವ ಪಡೆಯುತ್ತದೆ.

ಅವರ ರಾಜಕೀಯ ಪ್ರವೇಶದ ಸನ್ನಿವೇಶ ಗಮನಾರ್ಹವಾದುದು. ವಸಾಹತು ಸರ್ಕಾರದ ವೈದ್ಯಕೀಯ ಸೇವೆಯಲ್ಲಿ ಆಫ್ರಿಕದ ವೈದ್ಯರನ್ನು ಯುರೋಪಿಯನ್ ವೈದ್ಯರಿಗಿಂತ ಕೀಳಾಗಿ ಕಾಣಲಾಗುತ್ತಿತ್ತು. ಇದನ್ನು ಪ್ರತಿಭಟಿಸುವ ಸಭೆಗಳಿಗೆ ಹೋಗಲು ಸರ್ಕಾರಿ ನೌಕರರಾಗಿದ್ದ ಗಂಡನಿಗೆ ಅವಕಾಶವಿರಲಿಲ್ಲ. ಹಾಗಾಗಿ 1945ರ ಸುಮಾರಿಗೆ ಹೆಂಡತಿ ಹೋದರು. ಮುಂದೆ ನಮ್ದಿ ಅಜಿಕಿವೆ, ಎಂಬೊನು ಒಜಿಕೆ ಮತ್ತು ಹರ್ಬರ್ಟ್ ಮೆಕಾಲೆ ಮಾತನಾಡಿದ ರಾಷ್ಟ್ರೀಯವಾದಿ ಸಭೆಯಲ್ಲಿ ಅವರೊಬ್ಬರೇ ಮಹಿಳೆ. (ಈ ಮೆಕಾಲೆ ನೈಜೀರಿಯಾದ ರಾಷ್ಟ್ರೀಯ ಚಳವಳಿಯ ಹಿರಿಯರು, ಭಾರತದ ಶಿಕ್ಷಣದ ಚರಿತ್ರೆಯಲ್ಲಿ ಬರುವ ಮೆಕಾಲೆ ಅಲ್ಲ.)

ಇಲ್ಲಿ ಎರಡು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಹೆಣ್ಣು ಸಾರ್ವಜನಿಕ ವಲಯಕ್ಕೆ ಬಂದದ್ದು ಗಂಡನ ಪ್ರತಿನಿಧಿಯಾಗಿ. ಎರಡನೆಯದಾಗಿ, ಅವಳು ಹೊತ್ತು ತಂದ ದೂರು ಮಧ್ಯಮ ವರ್ಗದ ನೌಕರನ ದೂರು. ತಾನೊಬ್ಬಳೇ ಹೆಣ್ಣಾಗಿದ್ದ ಸಭೆ ಎಕ್ಪೊ ಅವರಿಗೆ ಕಲಿಸಿದ್ದು ಬೇರೆ ಪಾಠ. ಉಳಿದ ಹೆಂಗಸರು ಸಭೆಗೆ ಬರದಿದ್ದರೆ ಅವರಿರುವಲ್ಲಿಗೆ ಸಭೆಯನ್ನು ಒಯ್ಯಬೇಕು ಎಂಬುದು ಅವರ ಮುಂದಿನ ನಡೆಗಳಿಂದ ಸ್ಪಷ್ಟವಾಗುತ್ತದೆ.

4. ಹೊಲಿಗೆ ಮತ್ತು ಉಪ್ಪು

1946ರಲ್ಲಿ ಎಕ್ಪೊ ಐರ್ಲೆಂಡಿನ ಡಬ್ಲಿನ್‌ಗೆ ತೆರಳಿ ಗೃಹವಿಜ್ಞಾನ ಕಲಿತರು. 1948ರಲ್ಲಿ ಡಿಪ್ಲೊಮಾ ಪಡೆದರು. ಹಿಂದಿರುಗಿದ ಮೇಲೆ ಆಬಾದಲ್ಲಿ ಗೃಹವಿಜ್ಞಾನ ಮತ್ತು ಹೊಲಿಗೆ ತರಬೇತಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ವಸಾಹತುಶಾಹಿ ಶಿಕ್ಷಣದ ಕಲ್ಪನೆಯಲ್ಲಿ ಗೃಹವಿಜ್ಞಾನವು ಹೆಣ್ಣನ್ನು ಒಳ್ಳೆಯ ಗೃಹಿಣಿಯನ್ನಾಗಿ ರೂಪಿಸುವ ವಿದ್ಯೆ. ಮನೆಯ ಹೊಸ್ತಿಲಿನೊಳಗೆ ಅವಳನ್ನು ನಿಲ್ಲಿಸುವ ವಿದ್ಯೆ. ಆಬಾದ ವ್ಯಾಪಾರಿ ಪರಿಸರದಲ್ಲಿ ಅದೇ ವಿದ್ಯೆಗೆ ಬೇರೆ ಅರ್ಥ ಬಂತು. ಹೊಲಿಗೆ ಕಲಿತ ಹೆಣ್ಣು ಬಟ್ಟೆ ಹೊಲಿದು ಮಾರಬಲ್ಲಳು. ಅವಳ ಕೈಗೆ ಸ್ವಂತ ಸಂಪಾದನೆ ಬರುತ್ತದೆ. ಉದ್ಯಮ, ಶಿಕ್ಷಣ ಮತ್ತು ಸಂಪರ್ಕ ಮೂರೂ ಒಂದೇ ಚಾವಣಿಯಡಿ ನಡೆದವು.

ಆದರೆ ಅವರ ಹೆಸರನ್ನು ಚರಿತ್ರೆಯಲ್ಲಿ ನಿಲ್ಲಿಸಿದ್ದು ಹೊಲಿಗೆಗಿಂತ ಉಪ್ಪಿನ ಪ್ರಸಂಗ. ಆಬಾದ ಮಾರುಕಟ್ಟೆ ಮಹಿಳೆಯರ ಸಂಘವನ್ನು ಕಟ್ಟಲು ಹೊರಟಾಗ ಎದುರಾದ ಮೊದಲ ಅಡ್ಡಿ ಗಂಡಂದಿರದು. ಹೆಂಡತಿಯರು ರಾಜಕೀಯದ ಮಾತಿರುವ ಸಭೆಗೆ ಹೋಗುವುದನ್ನು ಅವರು ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಆ ವರ್ಷಗಳಲ್ಲಿ ಉಪ್ಪಿನ ಅಭಾವ ತೀವ್ರವಾಗಿತ್ತು. ಎಕ್ಪೊ ಪಟ್ಟಣಕ್ಕೆ ಬಂದ ಉಪ್ಪಿನ ವಿತರಣೆಯನ್ನು ಸಂಘದ ಹಿಡಿತಕ್ಕೆ ತಂದುಕೊಂಡರು. ಸಂಘದ ಸದಸ್ಯೆಯರಿಗೆ ಮಾತ್ರ ಉಪ್ಪು ಎಂಬ ನಿಯಮ ಜಾರಿಗೆ ಬಂತು. ಉಪ್ಪಿಲ್ಲದ ಊಟ ಮನೆಮನೆಯ ಪ್ರಶ್ನೆಯಾದಾಗ ಗಂಡಂದಿರೇ ಹೆಂಡತಿಯರನ್ನು ಸಂಘಕ್ಕೆ ಕಳುಹಿಸಿದರು.

ಭಾರತದ ಓದುಗರಿಗೆ ಉಪ್ಪು ಎಂದೊಡನೆ 1930ರ ಸತ್ಯಾಗ್ರಹ ನೆನಪಾಗುವುದು ಸಹಜ. ಆದರೆ ಎರಡು ಸಂದರ್ಭಗಳ ತರ್ಕ ಬೇರೆ. ಅಲ್ಲಿ ಉಪ್ಪು ಮುರಿಯಬೇಕಾದ ಕಾನೂನಿನ ಸಂಕೇತ. ಇಲ್ಲಿ ಅದು ಹಂಚಬೇಕಾದ ಸರಕು. ಅಲ್ಲಿ ಆಹ್ವಾನವಿದ್ದುದು ಆತ್ಮಸಾಕ್ಷಿಗೆ. ಇಲ್ಲಿ ಒತ್ತಡವಿದ್ದುದು ಅಡುಗೆಮನೆಯ ಮೇಲೆ. ಆದ್ದರಿಂದ ಈ ಪ್ರಸಂಗವನ್ನು ಜಾಣ್ಮೆಯ ಕಥೆಯಾಗಿ ಮಾತ್ರ ಓದಿದರೆ ಸಾಲದು. ಅಭಾವವನ್ನು ಬಳಸಿ ಸದಸ್ಯತ್ವ ಬೆಳೆಸುವುದು ಒಂದು ಬಗೆಯ ಬಲವಂತವೂ ಹೌದು. ಸದಸ್ಯೆಯಾಗದ ಬಡ ಹೆಂಗಸಿನ ಮನೆಯಲ್ಲೂ ಉಪ್ಪು ಬೇಕಿತ್ತು. ಅದೇ ವೇಳೆಗೆ ಗಂಡನ ಅನುಮತಿ ಎಂಬ ಬಲವಂತ ಅದಕ್ಕಿಂತ ಮೊದಲೇ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಎಕ್ಪೊ ಒಂದು ಬಲವಂತವನ್ನು ಇನ್ನೊಂದರಿಂದ ಸಡಿಲಿಸಿದರು. ಉಪ್ಪಿಗಾಗಿ ಬಂದವರು ಉಪ್ಪು ಮತ್ತೆ ಸಿಗತೊಡಗಿದ ಮೇಲೂ ಉಳಿದರೇ ಎಂಬುದೇ ಸಂಘದ ನಿಜವಾದ ಪರೀಕ್ಷೆಯಾಗಿತ್ತು. ಅದಕ್ಕೆ ಉತ್ತರ ಮುಂದಿನ ದಶಕದ ಮತದಾರರ ಪಟ್ಟಿಯಲ್ಲಿ ದೊರೆಯುತ್ತದೆ.

5. ಕಾರ್ಮಿಕ ಯಾರು?

ಮಾರುಕಟ್ಟೆ ಮಹಿಳೆಯರ ಸಂಘವನ್ನು ಕಾರ್ಮಿಕ ಸಂಘಟನೆ ಎಂದು ಕರೆಯಬಹುದೇ? ನೈಜೀರಿಯಾದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಚೌಕಟ್ಟು ಬಂದದ್ದು 1938ರ ಶಾಸನದಿಂದ. ಅದರ ಕಲ್ಪನೆಯ ಕಾರ್ಮಿಕ ಕೂಲಿ ಅಥವಾ ಸಂಬಳ ಪಡೆಯುವವನು: ರೈಲ್ವೆಯವನು, ಗಣಿಯವನು, ಕಚೇರಿಯ ಗುಮಾಸ್ತ. ಸಂಬಳದ ಕೆಲಸಗಳಲ್ಲಿ ಹೆಂಗಸರು ವಿರಳ. ಹಾಗಾಗಿ ಈ ಅರ್ಥನಿರೂಪಣೆಯನ್ನು ಹಾಗೆಯೇ ಒಪ್ಪಿಕೊಂಡರೆ ಕಾರ್ಮಿಕ ಚಳವಳಿಯ ಚರಿತ್ರೆಯಿಂದ ಬಹುಪಾಲು ಹೆಂಗಸರು ಹೊರಗುಳಿಯುತ್ತಾರೆ.

ವಾಸ್ತವದಲ್ಲಿ ಈ ಎರಡು ಲೋಕಗಳು ಬೇರೆಯಾಗಿರಲಿಲ್ಲ. 1945ರ ಸಾರ್ವತ್ರಿಕ ಮುಷ್ಕರದಲ್ಲಿ ಲಾಗೋಸಿನ ಮಾರುಕಟ್ಟೆ ಮಹಿಳೆಯರು ಮುಷ್ಕರನಿರತ ನೌಕರರ ಬೆಂಬಲಕ್ಕೆ ನಿಂತರು. ಅವರ ನಾಯಕಿ ಅಲಿಮೊಟು ಪೆಲೆವುರಾ ಶಾಲೆಯ ಮೆಟ್ಟಿಲು ಹತ್ತದ ಮೀನು ವ್ಯಾಪಾರಿ. ಯುದ್ಧಕಾಲದ ಬೆಲೆ ನಿಯಂತ್ರಣವನ್ನು ಎದುರಿಸಿ ಹೆಸರಾದವರು. ಅಬೆಯೊಕುಟಾದಲ್ಲಿ ಫನ್ಮಿಲಾಯೊ ರಾನ್ಸಮ್-ಕುಟಿ ಸುಶಿಕ್ಷಿತ ಮಹಿಳೆಯರ ಕೂಟವೊಂದನ್ನು ವ್ಯಾಪಾರಿ ಹೆಂಗಸರಿಗೆ ತೆರೆದು ಅಬೆಯೊಕುಟಾ ಮಹಿಳಾ ಸಂಘವಾಗಿ ಬೆಳೆಸಿದರು. ಅವರ ಹೋರಾಟದ ಫಲವಾಗಿ ಅಲ್ಲಿನ ಅರಸ 1949ರಲ್ಲಿ ಗದ್ದುಗೆ ಬಿಟ್ಟು ಹೋಗಬೇಕಾಯಿತು. ಪೆಲೆವುರಾ ಮಾರುಕಟ್ಟೆಯ ಒಳಗಿನವರು; ರಾನ್ಸಮ್-ಕುಟಿ ಮತ್ತು ಎಕ್ಪೊ ಶಾಲೆಯಿಂದ ಮಾರುಕಟ್ಟೆಗೆ ಬಂದವರು. ವೈದ್ಯರ ಹೆಂಡತಿಯಾದ ಎಕ್ಪೊ ಮತ್ತು ಬುಟ್ಟಿ ಹೊತ್ತು ಬರುವ ಹೆಂಗಸಿನ ನಡುವಿನ ವರ್ಗದ ಅಂತರವನ್ನು ಸಂಘ ಅಳಿಸಲಿಲ್ಲ. ಅದು ಆ ಅಂತರದ ನಡುವೆಯೂ ಕೂಡಿ ಮಾತನಾಡುವ ಜಾಗವನ್ನು ನಿರ್ಮಿಸಿತು.

1949ರ ನವೆಂಬರ್ 18ರಂದು ಎನುಗು ಬಳಿಯ ಐವಾ ಕಣಿವೆಯ ಕಲ್ಲಿದ್ದಲು ಗಣಿಯಲ್ಲಿ ಪೊಲೀಸರ ಗುಂಡಿಗೆ 21 ಗಣಿ ಕಾರ್ಮಿಕರು ಸತ್ತರು. ಎಕ್ಪೊ ಮತ್ತು ರಾನ್ಸಮ್-ಕುಟಿ ಈ ಹತ್ಯೆಯ ವಿರುದ್ಧ ಜೊತೆಯಾಗಿ ಪ್ರತಿಭಟನೆಗಿಳಿದರು. ಗಣಿಯಲ್ಲಿ ಸತ್ತವರು ಗಂಡಸರು, ಸಂಬಳದ ಕಾರ್ಮಿಕರು. ಅವರಿಗಾಗಿ ಧ್ವನಿ ಎತ್ತಿದ ಸಂಘಟನೆಗಳಲ್ಲಿ ಕಾನೂನು ಕಾರ್ಮಿಕರೆಂದು ಗುರುತಿಸದ ಹೆಂಗಸರಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಅದೇ ಸೀಮೆಯ ಹೆಂಗಸರ ಮೇಲೂ ಗುಂಡು ಹಾರಿತ್ತು ಎಂಬ ಹಿನ್ನೆಲೆಯಲ್ಲಿ ಈ ನಡೆಗೆ ವಿಶೇಷ ಅರ್ಥವಿದೆ.

6. ಮತದಾನ ಮತ್ತು ಶಾಸನಸಭೆ

1954ರಲ್ಲಿ ಎಕ್ಪೊ ಆಬಾ ಪಟ್ಟಣದ ಮಹಿಳಾ ಸಂಘವನ್ನು ಸ್ಥಾಪಿಸಿದರು. ಮಾರುಕಟ್ಟೆಯ ಸಂಘಟನೆಯನ್ನು ಮತದಾನದ ಸಂಘಟನೆಯಾಗಿ ಪರಿವರ್ತಿಸುವುದು ಇದರ ಉದ್ದೇಶ. ಪರಿಣಾಮವಾಗಿ 1955ರ ಪಟ್ಟಣ ಚುನಾವಣೆಯ ವೇಳೆಗೆ ಆಬಾದಲ್ಲಿ ಮಹಿಳಾ ಮತದಾರರ ಸಂಖ್ಯೆ ಪುರುಷರ ಸಂಖ್ಯೆಯನ್ನು ಮೀರಿತು. ಈ ಸಂಗತಿಯ ಮಹತ್ವ ತಿಳಿಯಲು ದೇಶದ ಉಳಿದ ಭಾಗವನ್ನು ನೋಡಬೇಕು. ಉತ್ತರ ನೈಜೀರಿಯಾದ ಮಹಿಳೆಯರು ಸಾರ್ವತ್ರಿಕ ಚುನಾವಣೆಯಲ್ಲಿ ಮತ ಚಲಾಯಿಸಿದ್ದು 1979ರಲ್ಲಿ. ಅಲ್ಲಿ ಹಕ್ಕಿಗಾಗಿ ದುಡಿದ ಗಾಂಬೊ ಸವಾಬಾ ಮತ್ತೆ ಮತ್ತೆ ಸೆರೆಮನೆಗೆ ಹೋಗಬೇಕಾಯಿತು.

ಎಕ್ಪೊ ಅವರ ಪಕ್ಷ ಅಜಿಕಿವೆ ನಾಯಕತ್ವದ ಎನ್‌ಸಿಎನ್‌ಸಿ. ಅದು ಐವತ್ತರ ದಶಕದಲ್ಲಿ ಅವರನ್ನು ಪ್ರಾಂತ್ಯದ ಮುಖ್ಯಸ್ಥರ ಸಭೆಗೆ ನಾಮಕರಣ ಮಾಡಿತು. ಈ ಗೌರವದಲ್ಲೊಂದು ವ್ಯಂಗ್ಯವಿದೆ. 1929ರಲ್ಲಿ ಹೆಂಗಸರು ಬಂಡೆದ್ದದ್ದು ಸರ್ಕಾರ ನೇಮಿಸಿದ ಮುಖ್ಯಸ್ಥರ ವಿರುದ್ಧ. ಈಗ ಅವರ ಪ್ರತಿನಿಧಿಗೆ ಮೊದಲು ದೊರೆತದ್ದು ಮುಖ್ಯಸ್ಥರ ಹೆಸರಿನ ಸಭೆಯಲ್ಲಿ, ನೇಮಕದ ಮೂಲಕ ಬಂದ ಸ್ಥಾನ. ಮತದಾರರಲ್ಲಿ ಬಹುಸಂಖ್ಯಾತರನ್ನು ಒದಗಿಸಿದ ಸಂಘಟನೆಗೆ ಪಕ್ಷ ಕೊಟ್ಟ ಪಾಲು ಅಷ್ಟೇ. ಚುನಾವಣೆಯಲ್ಲಿ ಗೆದ್ದು ಪೂರ್ವ ಪ್ರಾಂತ್ಯದ ಶಾಸನಸಭೆಯನ್ನು ಅವರು ಪ್ರವೇಶಿಸಿದ್ದು 1961ರಲ್ಲಿ, ದೇಶ ಸ್ವತಂತ್ರವಾದ ಮರುವರ್ಷ.

ಶಾಸನಸಭೆಯಲ್ಲಿ ಅವರು ಎತ್ತಿಕೊಂಡ ವಿಷಯಗಳಲ್ಲಿ ಮಾರುಕಟ್ಟೆಗೆ ಹೋಗುವ ರಸ್ತೆಗಳು ಮತ್ತು ಗ್ರಾಮೀಣ ಸಾರಿಗೆ ಪ್ರಮುಖವಾದವು. ಮೇಲ್ನೋಟಕ್ಕೆ ಇದು ಯಾವುದೇ ಶಾಸಕ ಕೇಳುವ ಸಾಧಾರಣ ಬೇಡಿಕೆ. ಆದರೆ ರಸ್ತೆಯಿಲ್ಲದ ಊರಿನಿಂದ ಎಣ್ಣೆಯ ಡಬ್ಬ, ಗೆಣಸಿನ ಬುಟ್ಟಿ ಹೊತ್ತು ಬರುವುದು ಹೆಣ್ಣಿನ ತಲೆ. ರಸ್ತೆಯ ಪ್ರಶ್ನೆಯನ್ನು ಹೆಣ್ಣಿನ ದುಡಿಮೆಯ ಪ್ರಶ್ನೆಯಾಗಿ ಕಂಡದ್ದರಲ್ಲಿ ಸಂಘಟಕಿ, ಉದ್ಯಮಿ, ರಾಜಕಾರಣಿ ಎಂಬ ವಿಂಗಡಣೆಯ ನಿರರ್ಥಕತೆ ಸ್ಪಷ್ಟವಾಗುತ್ತದೆ.

7. ಯುದ್ಧ, ಸೆರೆ ಮತ್ತು ಮತ್ತೆ ಉಪ್ಪು

1966ರ ಜನವರಿಯ ಸೈನಿಕ ಕ್ರಾಂತಿಯು ಶಾಸನಸಭೆಗಳನ್ನು ಇಲ್ಲವಾಗಿಸಿತು. 1967ರ ಮೇ 30ರಂದು ಪೂರ್ವ ಪ್ರಾಂತ್ಯವು ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕತೆಯನ್ನು ಘೋಷಿಸಿತು. 1970ರ ಜನವರಿಯವರೆಗೆ ಅಂತರ್ಯುದ್ಧ ನಡೆಯಿತು. ಇಗ್ಬೊ ಬಹುಸಂಖ್ಯಾತವಾದ ಬಿಯಾಫ್ರಾದೊಳಗೆ ಎಫಿಕ್, ಇಬಿಬಿಯೊ ಮುಂತಾದ ಅಲ್ಪಸಂಖ್ಯಾತರನ್ನು ಸಂಶಯದಿಂದ ನೋಡುವ ವಾತಾವರಣ ಬೆಳೆಯಿತು. ಬಿಯಾಫ್ರಾದ ಆಡಳಿತ ಎಕ್ಪೊ ಅವರನ್ನು ಬಂಧಿಸಿ ಸೆರೆಯಲ್ಲಿಟ್ಟಿತು. ಹುಟ್ಟಿನಿಂದ ಎಫಿಕ್ ಮತ್ತು ಇಗ್ಬೊ, ಮದುವೆಯಿಂದ ಇಬಿಬಿಯೊ ಆಗಿದ್ದ ಅವರಿಗೆ ಮಾರುಕಟ್ಟೆಯಲ್ಲಿ ಈ ಬಹುತ್ವ ಬಲವಾಗಿತ್ತು. ಅಲ್ಲಿ ಮೂರೂ ಭಾಷೆಗಳ ಹೆಂಗಸರು ಕೊಡುಕೊಳ್ಳುತ್ತಿದ್ದರು. ಅನನ್ಯತೆಯ ಗಡಿಗಳನ್ನು ಗೆರೆ ಎಳೆದು ಗುರುತಿಸುವ ಯುದ್ಧಕಾಲದಲ್ಲಿ ಇಂಥ ಬಹುತ್ವಕ್ಕೆ ಆಸರೆಯಿರಲಿಲ್ಲ.

ಇದೇ ಯುದ್ಧದಲ್ಲಿ ದಿಗ್ಬಂಧನಕ್ಕೆ ಸಿಕ್ಕ ಬಿಯಾಫ್ರಾದಲ್ಲಿ ಉಪ್ಪು ಮತ್ತೆ ದುರ್ಲಭವಾಯಿತು. ಅದನ್ನು ತರಲು ಹೆಂಗಸರು ಪ್ರಾಣ ಪಣಕ್ಕಿಟ್ಟು ಶತ್ರು ಸೇನೆಯ ರೇಖೆಗಳನ್ನು ದಾಟಿ ವ್ಯಾಪಾರ ಮಾಡಿದರು. ಜನ ಇದನ್ನು 'ಆಹಿಯಾ ಅಟ್ಯಾಕ್' ಎಂದು ಕರೆದರು. ಎರಡು ದಶಕಗಳ ಹಿಂದೆ ಉಪ್ಪಿನ ಮೂಲಕ ಹೆಂಗಸರನ್ನು ಸಂಘಕ್ಕೆ ಕರೆತಂದಿದ್ದ ನಾಯಕಿ ಈ ಯುದ್ಧದಲ್ಲಿ ಸೆರೆಯಲ್ಲಿದ್ದರು. ಸಂಘವಿಲ್ಲದೆ, ನಾಯಕಿಯಿಲ್ಲದೆ ಮಾರುಕಟ್ಟೆಯ ಹೆಂಗಸು ತನ್ನ ಮನೆಯ ಉಪ್ಪಿಗೆ ಒಬ್ಬಳೇ ಹೊರಟಳು. ಸಂಘಟನೆ ಇದ್ದಾಗ ರಾಜಕೀಯ ಶಕ್ತಿಯಾಗಿದ್ದ ಕೌಶಲವೇ ಅದಿಲ್ಲದಾಗ ಬರಿಯ ಬದುಕುಳಿಯುವ ಉಪಾಯವಾಯಿತು.

ಯುದ್ಧದ ನಂತರ ದೇಶದಲ್ಲಿ 1979ರವರೆಗೆ ಸೈನಿಕ ಆಡಳಿತವಿತ್ತು. ಎಕ್ಪೊ ಚುನಾವಣಾ ರಾಜಕೀಯದ ಮುನ್ನೆಲೆಗೆ ಮರಳಲಿಲ್ಲ. 2001ರಲ್ಲಿ ಕಲಾಬಾರಿನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡಲಾಯಿತು. 2006ರ ಸೆಪ್ಟೆಂಬರ್‌ನಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

8. ಸಮಾರೋಪ

ಒಟ್ಟಾರೆಯಾಗಿ ಈ ಬದುಕು ಮಹಿಳಾ ಚರಿತ್ರೆಯ ಅಧ್ಯಯನಕ್ಕೆ ಮೂರು ವಿಚಾರಗಳನ್ನು ಒದಗಿಸುತ್ತದೆ. ಒಂದು, ಕಾರ್ಮಿಕ, ವ್ಯಾಪಾರಿ, ನಾಗರಿಕ ಎಂಬ ವರ್ಗೀಕರಣಗಳು ಪುರುಷರ ದುಡಿಮೆಯನ್ನು ಮಾದರಿಯಾಗಿಟ್ಟುಕೊಂಡು ರೂಪುಗೊಂಡಿವೆ. ಹೆಂಗಸರ ಸಂಘಟನೆಯನ್ನು ಅವುಗಳಿಂದ ಅಳೆದರೆ ಅದು ಪ್ರತಿ ಬಾರಿಯೂ ಅಪೂರ್ಣವಾಗಿ ತೋರುತ್ತದೆ. ಎರಡು, ಮನೆ ಮತ್ತು ಸಾರ್ವಜನಿಕ ವಲಯಗಳ ನಡುವಿನ ಗೆರೆ ಎಲ್ಲ ಸಮಾಜಗಳಲ್ಲೂ ಹೊಸ್ತಿಲಿನಲ್ಲೇ ಇರುವುದಿಲ್ಲ. ಆಬಾದಲ್ಲಿ ಹೆಣ್ಣು ಮೊದಲಿನಿಂದಲೂ ಸಂತೆಯಲ್ಲಿದ್ದಳು. ಅವಳಿಗೆ ಇಲ್ಲದಿದ್ದುದು ಸಂತೆಯಿಂದ ಶಾಸನಸಭೆಗೆ ಹೋಗುವ ದಾರಿ. ಎಕ್ಪೊ ಅವರ ಹಿರಿಮೆಯಿರುವುದು ಹೆಣ್ಣನ್ನು ಹೊರಗೆ ತಂದದ್ದರಲ್ಲಿ ಅಲ್ಲ, ಈ ದಾರಿಯನ್ನು ನಿರ್ಮಿಸಿದ್ದರಲ್ಲಿ. ಮೂರು, ಆ ದಾರಿ ಶಾಸನಸಭೆ ಇರುವವರೆಗೆ ಮಾತ್ರ ತೆರೆದಿತ್ತು. ಪ್ರಜಾಸತ್ತೆಯ ಸಂಸ್ಥೆಗಳು ಕುಸಿದಾಗ ಮೊದಲು ಮುಚ್ಚಿಹೋಗುವುದು ಇತ್ತೀಚೆಗೆ ತೆರೆದ ದಾರಿಗಳೇ.

'ಎಫುರು' ಕಾದಂಬರಿ ಪ್ರಕಟವಾದದ್ದು ಎಕ್ಪೊ ಅವರ ಶಾಸನಸಭೆ ಇಲ್ಲವಾದ 1966ರಲ್ಲೇ ಎಂಬುದು ಕಾಕತಾಳೀಯವಿರಬಹುದು. ಆದರೆ ನೈಜೀರಿಯಾದ ಕಾದಂಬರಿಗಳನ್ನು ಕನ್ನಡದಲ್ಲಿ ಚರ್ಚಿಸುವಾಗ ಅಲ್ಲಿನ ಸಂತೆಯನ್ನು ಬರಿಯ ಹಿನ್ನೆಲೆಯ ದೃಶ್ಯವಾಗಿ ನೋಡದೆ ಒಂದು ರಾಜಕೀಯ ಸಂಸ್ಥೆಯಾಗಿ ಓದಬೇಕಾದ ಅಗತ್ಯವನ್ನು ಮಾರ್ಗರೇಟ್ ಎಕ್ಪೊ ಅವರ ಬದುಕು ಮನಗಾಣಿಸುತ್ತದೆ.